ದೊಡ್ಡಮ್ಮ ಉಸಿರು ತಗೊಂಡ ಜಾಗ

ನಮ್ಮ ದೊಡ್ಡಮ್ಮನ ಜೊತೆ ಆಟೋ ಹತ್ತುವುದೆಂದರೆ ನನಗೆ ತಲೆನೋವು. ರೇಡಿಯೊದಲ್ಲಿ ಅದೊಂದು ಹಳೆಯ ಸಿನಿಮಾ ಹಾಡು ಬಂದರೆ ಸಾಕು, ಡ್ರೈವರ್ ಬೆನ್ನು ತಟ್ಟುತ್ತಾಳೆ. "ಎರಡನೇ ಚರಣ ಕೇಳಪ್ಪ. ಒಂದು ಕಡೆ ಉಸಿರು ಬರತ್ತೆ. ಅದು ತಪ್ಪು. ಆ ತಪ್ಪು ನಂದು."

ಅಮ್ಮನ ಅಕ್ಕ ಇವಳು. ಹರೆಯದಲ್ಲಿ ಗಣೇಶನ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾಕ್ಕೆ ಹಾಡುತ್ತಿದ್ದಳು, ಹಗಲು ಹೊತ್ತು ಸಿನಿಮಾಗಳಿಗೆ ಟ್ರ್ಯಾಕ್ ಹಾಡುತ್ತಿದ್ದಳು. ಅಂದರೆ, ದೊಡ್ಡ ಗಾಯಕಿ ಬರುವ ಮೊದಲೇ ಇವಳು ಹಾಡಿಟ್ಟು ಹೋಗಬೇಕು. ಅವರು ಅದನ್ನು ಕೇಳಿ ಕಲಿತು ಹಾಡಿದ ಮೇಲೆ ಇವಳ ದನಿಯನ್ನು ಅಳಿಸುತ್ತಾರೆ. ಈ ಹಾಡಿನ ಟ್ರ್ಯಾಕ್ ಹಾಡಬೇಕಿದ್ದ ದಿನ ರಾಜಾಜಿನಗರದಿಂದ ಹೊರಟ ಬಸ್ಸು ಕೆಟ್ಟು, ಸ್ಟುಡಿಯೊಗೆ ಓಡಿಕೊಂಡು ಹೋಗಿ, ಒತ್ತಿಬಂದ ಕೆಮ್ಮು ತಡೆಯಲು ಪದದ ನಡುವೆ ಉಸಿರೆಳೆದಳಂತೆ. ಇನ್ನೊಮ್ಮೆ ಹಾಡುತ್ತೇನೆಂದರೆ "ಬಿಡಮ್ಮ, ಟ್ರ್ಯಾಕ್ ತಾನೆ" ಅಂದರಂತೆ ಸ್ಟುಡಿಯೊದವರು. ದೊಡ್ಡ ಗಾಯಕಿ ಆ ಉಸಿರನ್ನೂ ಹಾಗೇ ಕಲಿತು ಹಾಡಿಬಿಟ್ಟರಂತೆ. ಈ ಅಂತೆಗಳನ್ನು ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು. ನಂಬಿದ್ದೆ ಅಂತ ಮಾತ್ರ ಹೇಳಲಾರೆ.

ಹೋದ ತಿಂಗಳು ವಿಜಯನಗರದಲ್ಲಿ ಮಕ್ಕಳ ಗಾಯನ ಸ್ಪರ್ಧೆ. ನನ್ನ ಮಗಳು ಹಟ ಹಿಡಿದು ಅದೇ ಹಾಡು ಆರಿಸಿಕೊಂಡಳು. ಬಸವೇಶ್ವರನಗರದ ನಮ್ಮ ಮನೆಯ ಹಾಲ್‌ನಲ್ಲಿ ಮೂರು ವಾರ ಪಾಠ. ಆ ಜಾಗ ಬಂದಾಗಲೆಲ್ಲ ದೊಡ್ಡಮ್ಮ ಮಗುವಿನ ತೊಡೆ ತಟ್ಟಿ, "ಉಸಿರು ತಗೋಬೇಡ ಕಣೇ, ಎಳ್ಕೊಂಡು ಹೋಗು" ಎಂದು ಜೀವ ತಿಂದಳು.

ಸ್ಪರ್ಧೆಯಲ್ಲಿ ಮಗಳು ಎಳೆದುಕೊಂಡೇ ಹಾಡಿದಳು. ತೀರ್ಪುಗಾರರು ಮೈಕ್ ಹಿಡಿದರು. "ಚೆನ್ನಾಗಿದೆ ಪುಟ್ಟಾ. ಆದ್ರೆ ಒರಿಜಿನಲ್‌ನಲ್ಲಿ ಅಲ್ಲೊಂದು ಉಸಿರು ಇದೆ. ಇಡೀ ಹಾಡಿನ ಭಾವ ಅದು. ಅದನ್ನೇ ಬಿಟ್ಬಿಟ್ಯಲ್ಲಾ."

ನಾನು ಸೆರಗು ಹಿಡಿದು ಎಳೆಯುವಷ್ಟರಲ್ಲಿ ದೊಡ್ಡಮ್ಮ ಎದ್ದು ನಿಂತಿದ್ದಳು.

"ಅದು ಭಾವ ಅಲ್ಲ ಸಾರ್, ಕೆಮ್ಮು. ನಂದು. ಮಗೂಗೆ ಮಾರ್ಕ್ಸ್ ಕಟ್ ಮಾಡ್ಬೇಡಿ."

ಸಭೆ ಘೊಳ್ಳೆಂದು ನಕ್ಕಿತು. ತೀರ್ಪುಗಾರರೂ ನಕ್ಕು, "ಕೂತ್ಕೊಳಿ ಅಮ್ಮ" ಅಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಬಹುಮಾನವೂ ಬರಲಿಲ್ಲ. ವಾಪಸ್ ಬರುವಾಗ ಆಟೋದಲ್ಲಿ ಬೈದೇ ಬೈದೆ. "ಹಾಡು ನಂದು ಅಂತಾದ್ರೂ ಹೇಳ್ಬಾರ್ದಿತ್ತಾ? ಕೆಮ್ಮು ನಂದಂತೆ!"

"ಹಾಡು ಅವರದ್ದೇ ಕಣೇ, ಅವರೇ ಹಾಡಿದ್ದು. ನಂದಲ್ಲದ್ದನ್ನ ಹೆಂಗೆ ನಂದು ಅನ್ಲಿ?"

ಆಗಲೇ ನನಗೆ ಹೊಳೆದದ್ದು. ಸುಳ್ಳು ಹೇಳುವವರು ಹಾಡನ್ನೇ ತಮ್ಮದೆನ್ನುತ್ತಿದ್ದರು. ತಪ್ಪನ್ನು ಯಾರು ತಮ್ಮದೆಂದಾರು? ಅಷ್ಟು ವರ್ಷ ಹಾಡಿದವಳದೆಂದು ಉಳಿದಿರುವುದು ಆ ಒಂದು ಉಸಿರು. ಅದನ್ನೂ ತಿದ್ದಿ ಅಳಿಸಲು ಮೂರು ವಾರ ಕೂತಿದ್ದಳಲ್ಲ ಈ ಹೆಂಗಸು!

ಸಂಜೆ ಮಗಳು ಮತ್ತೆ ಹಾಡತೊಡಗಿದಳು. ಆ ಜಾಗ ಹತ್ತಿರ ಬಂತು. ದೊಡ್ಡಮ್ಮನ ಕೈ ಮೇಲೆದ್ದಿತು. ನಾನು ಅಡುಗೆಮನೆಯಿಂದಲೇ ಕಿರುಚಿದೆ.

"ಉಸಿರು ತಗೊಳೇ! ಅದು ಅಜ್ಜೀದು!"

ಮಗಳು ತಗೊಂಡಳು. ದೊಡ್ಡಮ್ಮ ನನ್ನನ್ನು ದುರುಗುಟ್ಟಿ ನೋಡಿದಳು. ಎತ್ತಿದ ಕೈ ಮಾತ್ರ ಹಾಗೇ ನಿಂತಿತು, ತಟ್ಟಲಿಲ್ಲ.