ಗೆಳತಿಯನ್ನು ಪ್ರೀತಿಸಿ ಓಡಿಸಿದ್ದು

ನನ್ನ ಮಗನಿಗೆ ತನ್ನ ಮಗಳನ್ನು ಕೊಡಲಾಗದು ಎಂದು ನನ್ನ ಗೆಳತಿ ಹೇಳಿದ್ದು ಜಯನಗರದ ನಮ್ಮ ಚರ್ಚಿನ ಅಂಗಳದಲ್ಲಿ, ಭಾನುವಾರ ಬೆಳಗಿನ ಕನ್ನಡ ಪೂಜೆ ಮುಗಿದ ಮೇಲೆ, ಹತ್ತು ಜನಕ್ಕೆ ಕೇಳಿಸುವಷ್ಟು ಗಟ್ಟಿಯಾಗಿ. “ನಿಮ್ಮನೇಲಿ ನಮ್ಮ ಹುಡುಗಿ ಅಡ್ಜಸ್ಟ್ ಆಗಲ್ಲ ಕಣೇ” ಎಂದಳು. ಇಪ್ಪತ್ತು ವರ್ಷದ ಗೆಳತಿ! ನಮ್ಮ ಮನೆ ಬಿಟಿಎಂನಲ್ಲಿ ಎರಡು ಪಿ.ಜಿ. ಹಾಸ್ಟೆಲುಗಳ ನಡುವೆ ಸಿಕ್ಕಿಹಾಕಿಕೊಂಡಿರುವುದು ನಿಜ. ಆದರೂ ಅಲ್ಲಿ ವಾಸವಾಗಿರುವುದು ಮನುಷ್ಯರೇ.

ಮಗನಿಗೆ ಹೇಗೆ ಹೇಳುವುದೆಂದು ಒದ್ದಾಡಿ ಕೊನೆಗೆ ಹೇಳಿದರೆ, “ಯಾವ ಹುಡುಗಿ ಅಮ್ಮಾ?” ಎಂದು ಕೇಳಿ ಇನ್ನೊಂದು ದೋಸೆ ಹಾಕಿಸಿಕೊಂಡ. ಅವಮಾನವಾದದ್ದು ನನಗೊಬ್ಬಳಿಗೇ.

ನಮ್ಮ ಪೂಜೆಯ ನಡುವೆ, ಗುರುಗಳು ಹೇಳಿದೊಡನೆ, ಎಲ್ಲರೂ ಅಕ್ಕಪಕ್ಕದವರತ್ತ ತಿರುಗಿ ಕೈ ಹಿಡಿದು ಶಾಂತಿ ಕೋರುವ ಪದ್ಧತಿಯಿದೆ. ಮುಂದಿನ ವಾರ ನಾನು ಕೈ ಚಾಚಿದೆ. ಅವಳು ಬ್ಯಾಗಿನಲ್ಲಿ ಕರ್ಚೀಫು ಹುಡುಕತೊಡಗಿದಳು. ಎಲ್ಲರ ಶಾಂತಿ ಮುಗಿಯುವವರೆಗೂ ಅದು ಸಿಗಲೇ ಇಲ್ಲ.

ನನಗೆ ಮೈಯೆಲ್ಲ ಉರಿಯಿತು. ಅವಳ ಮನೆಯ ಹುಳುಕುಗಳೇನು ನನಗೆ ಗೊತ್ತಿಲ್ಲವೇ? ಆದರೆ ಅಂದೇ ಗುರುಗಳು, ತಿರಸ್ಕರಿಸಿದವರಿಗೆ ಪ್ರೀತಿಯಿಂದ ಉತ್ತರ ಕೊಡಬೇಕೆಂದು ಬೋಧಿಸಿದ್ದರು. ಸರಿ, ಕೊಟ್ಟೇಬಿಡೋಣ ಎಂದು ಸೆರಗು ಸಿಕ್ಕಿಸಿದೆ.

ಪ್ರತಿ ಭಾನುವಾರ ಸರಿಯಾಗಿ ಅವಳ ಹಿಂದೆ ಕೂರತೊಡಗಿದೆ. ಅವಳು ಜಾಗ ಬದಲಿಸಿದರೆ ನಾನೂ ಬದಲಿಸಿದೆ. ಶಾಂತಿಯ ಹೊತ್ತಿಗೆ ಮುಗುಳ್ನಗುತ್ತ ಕೈ ಚಾಚುವುದು. ಅವಳು ಹಿಡಿಯದಿದ್ದರೆ, ಹಿಂದಿನವರಿಗೆಲ್ಲ ಕಾಣುವಂತೆ ಇನ್ನೂ ಸ್ವಲ್ಪ ಹೊತ್ತು ಗಾಳಿಯಲ್ಲೇ ಇಡುವುದು. ಆಮೇಲೆ ಅಂಗಳದಲ್ಲಿ “ಎಂಥಾ ದೊಡ್ಡ ಮನಸ್ಸು ಆಂಟಿ ನಿಮ್ದು!” ಎಂದು ಜನ ಬರುತ್ತಿದ್ದರು. ನಾನು ತಲೆ ತಗ್ಗಿಸಿ “ಎಲ್ಲಾ ದೇವರ ಕೃಪೆ” ಎನ್ನುತ್ತಿದ್ದೆ. ಆ ದಿನಗಳಲ್ಲಿ ನಾನು ಸಂತಳಾಗಲು ಬಾಕಿ ಇದ್ದದ್ದು ಸಾಯುವುದೊಂದೇ.

ಅವಳು ಇಂಗ್ಲಿಷ್ ಪೂಜೆಗೆ ಹೋಗತೊಡಗಿದಳು. ಪ್ರೀತಿಗೆ ಭಾಷೆಯ ಹಂಗುಂಟೇ? ನಾನೂ ಬೆನ್ನು ಹತ್ತಿದೆ. ಕೊನೆಗೆ ಅವಳು ಎಲ್ಲಿಯೂ ಕಾಣಲಿಲ್ಲ. ಸುಳ್ಳೇಕೆ, ಗೆದ್ದೆ ಎನ್ನಿಸಿತು.

ಆ ಗೆಲುವಿನಲ್ಲಿ ತೇಲುತ್ತಿದ್ದಾಗ, ಒಂದು ಸಂಜೆ ಫೋರ್ತ್ ಬ್ಲಾಕಿನ ಬಸ್ ಸ್ಟಾಪಿನಲ್ಲಿ ಅವಳ ಮಗಳು ಸಿಕ್ಕಳು.

“ಆಂಟಿ, ಅಮ್ಮ ಎರಡು ತಿಂಗಳಿಂದ ಚರ್ಚಿಗೇ ಹೋಗಿಲ್ಲ. ಭಾನುವಾರ ಸೀರೆ ಉಟ್ಕೊಂಡು ರೆಡಿ ಆಗ್ತಾರೆ, ಆಮೇಲೆ ಸೋಫಾ ಮೇಲೆ ಕೂತ್ಬಿಡ್ತಾರೆ. ಅಷ್ಟು ಜನರ ಮುಂದೆ ಹಾಗಂದ್ಬಿಟ್ಟೆ, ಅವಳ ಮುಖ ಹೇಗೆ ನೋಡ್ಲಿ ಅಂತ ಅಳ್ತಾರೆ. ನೀವು ಬೈದ್ಬಿಡಿ ಆಂಟಿ, ಪರವಾಗಿಲ್ಲ. ಈ ಪ್ರೀತಿ ಮಾತ್ರ ಬೇಡ.”

ನನಗೆ ನಾಚಿಕೆಯಾಯಿತು. ಬಾಯಿ ಬೆಲ್ಲ, ಕರುಳು ಕತ್ತರಿ ಎಂದು ಊರಿನವರನ್ನೆಲ್ಲ ಆಡಿಕೊಂಡವಳು ನಾನು. ಬೈದಿದ್ದರೆ ಅವಳೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದಳು. ನಾನು ಕೈ ಚಾಚಿಕೊಂಡೇ ಒಬ್ಬ ಹೆಂಗಸನ್ನು ದೇವರ ಮನೆಯಿಂದ ಹೊರಗಟ್ಟಿದ್ದೆ.

“ಆಂಟಿಗೆ ಬೆಳಿಗ್ಗೆ ಏಳೋಕಾಗಲ್ವಂತೆ, ಇನ್ಮೇಲೆ ತಮಿಳು ಪೂಜೆಗೆ ಹೋಗ್ತಾರಂತೆ ಅಂತ ಹೇಳಮ್ಮ” ಎಂದೆ.

ಹಾಗೆಯೇ ಹೋದೆ. ಹೊತ್ತೇರಿದ ಮೇಲೆ ನಡೆಯುವ ತಮಿಳು ಪೂಜೆ ಶುರುವಾಗುವಷ್ಟರಲ್ಲಿ ಹೊಟ್ಟೆ ತಾಳ ಹಾಕುತ್ತಿರುತ್ತದೆ. ಗುರುಗಳ ಬೋಧನೆಯಲ್ಲಿ ಅರ್ಧ ಅರ್ಥವಾಗುವುದಿಲ್ಲ. ಅರ್ಥವಾದ ಅರ್ಧ ನನ್ನನ್ನೇ ಕುರಿತದ್ದು ಅನ್ನಿಸುತ್ತದೆ. ದೊಡ್ಡ ಮನಸ್ಸು ಎನ್ನಲು ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಹೊಗಳುವವರಿಲ್ಲದ ಪ್ರೀತಿ ಇಷ್ಟು ಸಪ್ಪೆಯೆಂದು ಯಾವ ಗುರುಗಳೂ ಹೇಳಿರಲಿಲ್ಲ. ತಪ್ಪು ಮಾಡಿದವಳು ಅವಳು, ವನವಾಸ ನನಗೆ ಎಂದು ಕೆಲವು ವಾರ ಸಿಟ್ಟೂ ಬರುತ್ತಿತ್ತು.

ನಾಲ್ಕನೆಯ ಭಾನುವಾರ ಅವಳ ಮಗಳು ಮೆಸೇಜು ಕಳಿಸಿದಳು. “ಅಮ್ಮ ಇವತ್ತು ಕನ್ನಡ ಪೂಜೆಗೆ ಹೋಗಿದ್ರು. ತುಂಬಾ ದಿನದ ಮೇಲೆ ನಕ್ಕರು. ನೀವು ಯಾಕೆ ಬರ್ತಿಲ್ಲ ಅಂತ ನಿಜ ಹೇಳ್ಬಿಡ್ಲಾ ಆಂಟಿ?”

ಕಣ್ಣು ತುಂಬಿತು. ಹೇಳಲಿ, ಚೆನ್ನಾಗಿ ಬಿಡಿಸಿ ಹೇಳಲಿ, ಹತ್ತು ಜನರ ಮುಂದೆ ಹೇಳಲಿ ಎಂಬ ಆಸೆ ಗಂಟಲವರೆಗೂ ಬಂತು.

“ಬೇಡ” ಎಂದು ಬರೆದು ಕಳಿಸಲು ನನಗೆ ಹತ್ತು ನಿಮಿಷ ಹಿಡಿಯಿತು.