ಅಪ್ಪನನ್ನು ಎಬ್ಬಿಸಬಾರದು

ನಾನು ಹುಟ್ಟಲು ಕಾರಣ ಅಪ್ಪನ ನಿದ್ದೆ. ಹೊಸನಗರಕ್ಕೆ ಹೆಣ್ಣು ನೋಡಲೆಂದು ಸಾಗರದಲ್ಲಿ ಬಸ್ಸು ಹತ್ತಿದ ಅವರು ನಿದ್ದೆಹೋಗಿ ತೀರ್ಥಹಳ್ಳಿ ತಲುಪಿದ್ದರು. ಅಲ್ಲಿ ಪರಿಚಯದವರೊಬ್ಬರ ಮನೆಯಲ್ಲಿ ಕಾಫಿ ತಂದುಕೊಟ್ಟ ಹುಡುಗಿಯೇ ಮುಂದೆ ನಮ್ಮ ಅಮ್ಮ.

ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ ಅಪ್ಪ, ಕಾಲದಲ್ಲಿ ಹಿಂದಕ್ಕೆ ಹೋಗುವ ಯಂತ್ರದ ಕತೆಯೊಂದನ್ನು ವಾರಪತ್ರಿಕೆಯಿಂದ ಓದಿ ಹೇಳಿದರು.

"ಹಾಗಾದ್ರೆ ನಾನು ಆ ಬಸ್ಸಿಗೆ ಹೋಗಿ ನಿಮ್ಮನ್ನ ಎಬ್ಬಿಸ್ತೀನಿ" ಅಂದಳು ತಂಗಿ.

ಅಪ್ಪ ನ್ಯಾಯಾಧೀಶರಂತೆ ಕನ್ನಡಕ ಸರಿಮಾಡಿಕೊಂಡರು. "ಎಬ್ಬಿಸಿದ್ರೆ ನಾನು ಹೊಸನಗರದಲ್ಲೇ ಇಳೀತೀನಿ. ನೀನು ಹುಟ್ಟೋದೇ ಇಲ್ಲ. ಹುಟ್ಟದೇ ಇದ್ದೋಳು ನನ್ನನ್ನ ಎಬ್ಬಿಸಿದ್ದು ಹೇಗೆ?"

ತಂಗಿಗೆ ಆ ದಿನ ಊಟ ಸೇರಲಿಲ್ಲ.

ಮರುವಾರ ಹೊಸನಗರದಲ್ಲಿ ಅಪ್ಪನ ಕಡೆಯ ನೆಂಟರ ಮದುವೆ. ಅಮ್ಮ ಮೊದಲೇ ಹೋಗಿದ್ದಳು. ನಾವಿಬ್ಬರೂ ಅಪ್ಪನೊಂದಿಗೆ ಬಸ್ಸು ಹತ್ತಿದೆವು. ಅಪ್ಪ ಸಂಪ್ರದಾಯ ಬಿಡದೆ ನಿದ್ದೆಹೋದರು. ಕಂಡಕ್ಟರ್ "ಹೊಸನಗರ, ಹೊಸನಗರ" ಎಂದು ಕೂಗಿದಾಗ ನಾನು ಅಪ್ಪನ ಭುಜ ಅಲುಗಿಸಲು ಹೋದೆ. ತಂಗಿ ನನ್ನ ಕೈ ಹಿಡಿದುಕೊಂಡಳು.

"ಬೇಡ ಅಣ್ಣಾ. ನಾವು ಇಲ್ಲದೇ ಹೋಗ್ತೀವಿ."

"ಮದುವೆ ಹೋಳಿಗೆ?"

"ಹುಟ್ಟದೇ ಇದ್ದೋರಿಗೆ ಎಂತ ಹೋಳಿಗೆ?"

ವಾದ ಬಲವಾಗಿತ್ತು. ಕೈ ಹಿಂದಕ್ಕೆ ತೆಗೆದೆ. ಬಸ್ಸು ಹೊರಟಿತು.

ಅಪ್ಪ ತೀರ್ಥಹಳ್ಳಿಯಲ್ಲಿ ತಾವಾಗಿಯೇ ಎಚ್ಚರಾದರು, ಹಿಂದಿನ ಸಲದಂತೆಯೇ. ಬೇರೆ ದಾರಿಯಿಲ್ಲದೆ ಮೂವರೂ ಅಮ್ಮನ ತವರಿಗೆ ನಡೆದೆವು. ಬಾಗಿಲು ತೆಗೆದ ಅಜ್ಜಿಗೆ ಗಾಬರಿಯೇನೂ ಆಗಲಿಲ್ಲ.

"ಮತ್ತೆ ನಿದ್ದೆ ಬಂತಾ ಅಳಿಯಂದ್ರೇ? ಮನೇಲಿ ಹುಡುಗೀರು ಯಾರೂ ಉಳಿದಿಲ್ಲ. ಈ ಸಲ ಕಾಫಿ ನಾನೇ ತರ್ತೀನಿ, ಕೂತ್ಕೊಳ್ಳಿ."