ಚಿಲಕವಿಲ್ಲದ ಬಚ್ಚಲು

"ಹೊರಡಮ್ಮ, ಲೇಟಾದ್ರೆ ಟ್ರಾಫಿಕ್ಕು."

ಮಾವ ಸೊಸೆಗೆ ಹೀಗೆ ಹೇಳಿದರೆ ಅನುಮಾನ ಪಡಲು ಏನಿದೆ? ಏನೂ ಇಲ್ಲ. ಆದರೆ ಭಾನುವಾರವೂ ಹೇಳಿದರೆ?

ನಮ್ಮ ಮಾವ ಫ್ಯಾಕ್ಟರಿಯಿಂದ ರಿಟೈರ್ ಆದವರು. ಅತ್ತೆ ತೀರಿಕೊಂಡ ಮೇಲೆ ಸಿ.ವಿ. ರಾಮನ್ ನಗರದ ನಮ್ಮ ಮನೆಯಲ್ಲಿ ಪೇಪರ್, ಟಿವಿ ಎಂದು ತಮ್ಮ ಪಾಡಿಗೆ ತಾವಿದ್ದರು. ಹೋದ ವರ್ಷ ಸ್ಟ್ರೋಕ್ ಆಗಿ ಎಡಗಾಲು ಸೋತಿತು. ಈಗ ವಾಕರ್ ಇಲ್ಲದೆ ಹೆಜ್ಜೆ ಇಡುವಂತಿಲ್ಲ.

ಕೆಲವು ತಿಂಗಳ ಹಿಂದೆ ಸ್ನಾನ ಮಾಡುವಾಗ ಜಾರಿ ಬಿದ್ದರು. ಒಳಗಿನಿಂದ ಚಿಲಕ ಹಾಕಿದ್ದರು. ನಾವು ಹೊರಗೆ ನಿಂತು ಬಾಗಿಲು ಬಡಿಯುವುದು, ಅವರು ಒಳಗಿಂದ ನರಳುವುದು. ಕೊನೆಗೆ ಅವರೇ ತೆವಳಿ ಬಂದು ಚಿಲಕ ತೆಗೆದರು. ಪುಣ್ಯಕ್ಕೆ ಮೊಣಕೈ ತರಚಿತ್ತು, ಅಷ್ಟೇ.

ಅವತ್ತೇ ನನ್ನ ಗಂಡ ಸ್ಕ್ರೂಡ್ರೈವರ್ ತಂದು ಚಿಲಕ ಕಿತ್ತುಹಾಕಿದರು. ಗೋಡೆಗೆ ಹಿಡಿದುಕೊಳ್ಳಲು ಸ್ಟೀಲ್ ರಾಡ್ ಬಂತು, ನೆಲಕ್ಕೆ ರಬ್ಬರ್ ಮ್ಯಾಟ್, ಕೂರಲು ಸ್ಟೂಲ್. ಮನೆಯಲ್ಲಿ ಯಾರೂ ಇಲ್ಲದಾಗ ಸ್ನಾನಕ್ಕೆ ಹೋಗಕೂಡದು ಎಂದು ರೂಲ್ಸ್ ಬೇರೆ. ಮಾವ ಎಲ್ಲದಕ್ಕೂ ತಲೆಯಾಡಿಸಿದರು. (ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಹೊಳೆಯಬೇಕಿತ್ತು.)

ಆಮೇಲೆ ಶುರುವಾಯಿತು, ನನ್ನನ್ನು ಮನೆಯಿಂದ ಹೊರಡಿಸುವ ಕಾರ್ಯಕ್ರಮ. "ಕಮರ್ಷಿಯಲ್ ಸ್ಟ್ರೀಟಿಗೆ ಹೋಗ್ಬೇಕು ಅಂತಿದ್ಯಲ್ಲಮ್ಮ, ಹೋಗ್ಬಾ." ಶಾಪಿಂಗ್ ಎಂದರೆ ಮುಖ ಸಿಂಡರಿಸುತ್ತಿದ್ದ ಮನುಷ್ಯ ಇವರು. ನಾನಿಲ್ಲದಾಗ ಇಲ್ಲಿ ಏನು ನಡೆಯುತ್ತಿದೆ? ಸಿಗರೇಟೇ? ಡಾಕ್ಟರ್ ಬೇಡವೆಂದ ಮೈಸೂರ್ ಪಾಕೇ? ಕಸದ ಬುಟ್ಟಿ ನೋಡಿದೆ, ದಿಂಬಿನ ಕೆಳಗೆ ನೋಡಿದೆ, ಪರದೆಯನ್ನೂ ಮೂಸಿದೆ. ಏನೂ ಸಿಗಲಿಲ್ಲ. ಸಿಗದಿದ್ದರೆ ಅನುಮಾನ ಕಡಿಮೆಯಾಗುತ್ತದೆಯೇ? ಇನ್ನೂ ಹೆಚ್ಚಾಗುತ್ತದೆ.

"ಅಪ್ಪನ್ ಮೇಲೆ ಸಿಐಡಿ ಕೆಲ್ಸ ಯಾಕೆ, ಬಿಡು" ಎಂದರು ಗಂಡ.

ಹೋದ ವಾರ ಆಫೀಸಿಗೆ ಹೊರಟವಳು ಲ್ಯಾಪ್‌ಟಾಪ್ ಚಾರ್ಜರ್ ಮರೆತು ಅರ್ಧ ದಾರಿಯಿಂದ ವಾಪಸ್ ಬಂದೆ. ಕೀ ಹಾಕಿ ಒಳಗೆ ಬಂದರೆ ಬಚ್ಚಲಿನಲ್ಲಿ ನೀರಿನ ಸದ್ದು.

"ಮಾವ?"

ಸದ್ದು ನಿಂತಿತು. "ಯಾರು?"

"ನಾನೇ. ಯಾರೂ ಇಲ್ದಾಗ ಸ್ನಾನ ಮಾಡ್ಬೇಡಿ ಅಂದಿದ್ವಲ್ಲ?"

ಬಚ್ಚಲ ಹತ್ತಿರ ಹೋದೆ. ಹೊರಗೆ ತೆರೆಯುವ ಆ ಬಾಗಿಲು ಚೂರು ಸಂದು ಬಿಟ್ಟಿತ್ತು. ಸಂದಿನಲ್ಲಿ ಬಿಗಿದ ಬಿಳಿ ಬಟ್ಟೆ ಕಂಡಿತು. ಮಾವನ ಪಂಚೆ. ಅದರ ಒಂದು ತುದಿ ಬಾಗಿಲ ಹಿಡಿಗೆ, ಇನ್ನೊಂದು ತುದಿ ಸ್ಟೀಲ್ ರಾಡಿಗೆ. ಅವರು ಬೀಳದಿರಲಿ ಎಂದು ಹಾಕಿಸಿದ ರಾಡು ಬಾಗಿಲು ಕಾಯುತ್ತಿತ್ತು.

"ಬಾಗ್ಲು ಕಟ್ಟಿದೀರಾ?"

"ಚಿಲಕ ಕಿತ್ರಲ್ಲಮ್ಮ. ಸೊಸೆ ಓಡಾಡೋ ಮನೇಲಿ ಹಾಗೇ ಹೇಗೆ ಕೂತ್ಕೊಳ್ಲಿ? ಅದಕ್ಕೇ ನೀನು ಹೊರಟ್ಮೇಲೆ ಮಾಡ್ತೀನಿ."

"ಯಾರೂ ಇಲ್ಲ ಅಂದ್ಮೇಲೆ ಕಟ್ಟೋದು ಯಾಕೆ?"

"ನೀನು ಯಾವಾಗ್ಲೂ ಏನಾದ್ರೂ ಮರೆತು ವಾಪಸ್ ಬರ್ತೀಯಲ್ಲ."

ಸಿಟ್ಟು ಬಂತು. ಅದರ ಹಿಂದೆಯೇ ಭಯವೂ ಬಂತು. ಆ ಗಂಟಿನ ಹಿಂದೆ, ಖಾಲಿ ಮನೆಯಲ್ಲಿ, ಇವರು ಬಿದ್ದಿದ್ದರೆ? ನಾವು ಕಿತ್ತದ್ದು ಒಂದು ಚಿಲಕ. ಅದರ ಜೊತೆ ಅವರ ಮಾನವೂ ಹೋಯಿತು ಎಂದು ನಮಗೆ ಹೊಳೆಯಲೇ ಇಲ್ಲ. ಸೊಸೆ ಎದುರು ಇವತ್ತಿಗೂ ಬನಿಯನ್ನಿನಲ್ಲಿ ಕೂರದ ಮನುಷ್ಯ ಅದನ್ನು ಬಾಯಿಬಿಟ್ಟು ಹೇಗೆ ಹೇಳಿಯಾರು?

ಶಿವಾಜಿನಗರದ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಲಾಕ್ ಸಿಕ್ಕಿತು. ಒಳಗಿನಿಂದ ಹಾಕಿಕೊಳ್ಳಬಹುದು, ಬೇಕಾದಾಗ ಹೊರಗಿನಿಂದ ನಾಣ್ಯ ತುರುಕಿ ತಿರುಗಿಸಿದರೆ ತೆರೆಯುತ್ತದೆ. ಮಾವ ಅದನ್ನು ನಾಲ್ಕಾರು ಸಲ ಪರೀಕ್ಷಿಸಿದರು. "ನೀನು ಸುಮ್ಮಸುಮ್ನೆ ತೆಗೆಯಲ್ಲ ತಾನೆ?" ಎಂದರು. ಕೂಗಿದಾಗ ಅವರು 'ಹ್ಞೂ' ಎನ್ನಬೇಕು, ಎನ್ನದಿದ್ದರೆ ಮಾತ್ರ ತೆಗೆಯುತ್ತೇನೆ ಎಂದು ಒಪ್ಪಂದವಾಯಿತು. ಈಗ ನಾನು ಮನೆಯಲ್ಲಿರುವಾಗಲೇ ಸ್ನಾನ ನಡೆಯುತ್ತದೆ. 'ಹ್ಞೂ' ಸ್ವಲ್ಪ ಸಿಡುಕಿನಿಂದಲೇ ಬರುತ್ತದೆ, ಆದರೆ ಬರುತ್ತದೆ.

ನಿಮ್ಮ ಮನೆಯ ಹಿರಿಯರೂ ನಿಮ್ಮನ್ನು ಬೇಗ ಬೇಗ ಹೊರಡಿಸುತ್ತಿದ್ದಾರೆಯೇ? ಒಂದು ದಿನ ಚಾರ್ಜರ್ ಮರೆತು ನೋಡಿ.